ಮಂಗಳೂರಿನ ಸೊಳ್ಳೆಗಳು: ತಿಂಗಳು, ಹೊತ್ತು ಮತ್ತು ನೀರು ನೋಡಿ ಕಡಿತ ತಪ್ಪಿಸುವ ಸಮಗ್ರ ಮಾರ್ಗದರ್ಶಿ

ಮಂಗಳೂರಿನಲ್ಲಿ ಸೊಳ್ಳೆಯಿಲ್ಲದ ತಿಂಗಳು ಎಂಬುದಿಲ್ಲ. ಬಯಲುಸೀಮೆಯಂತೆ ಇಲ್ಲಿ ಸೊಳ್ಳೆಯ ಸಂತತಿಯನ್ನು ತಡೆಯುವಷ್ಟು ಚಳಿಯಾಗಲಿ ಒಣಹವೆಯಾಗಲಿ ಬರುವುದಿಲ್ಲ. ಸಮುದ್ರದ ತೇವ ವರ್ಷವಿಡೀ ಗಾಳಿಯಲ್ಲಿರುತ್ತದೆ. ಆದರೆ ವರ್ಷವಿಡೀ ಒಂದೇ ಜಾತಿಯ ಸೊಳ್ಳೆ ನಮ್ಮನ್ನು ಕಾಡುತ್ತದೆ ಎಂದು ತಿಳಿಯುವುದು ತಪ್ಪು. ಮಲೇರಿಯಾ ಹರಡುವ ಸೊಳ್ಳೆ, ಡೆಂಗಿ ಹರಡುವ ಸೊಳ್ಳೆ, ಚರಂಡಿಯಿಂದ ಏಳುವ ಸೊಳ್ಳೆ ಈ ಮೂರಕ್ಕೂ ಹುಟ್ಟುವ ನೀರು ಬೇರೆ, ಕಚ್ಚುವ ಹೊತ್ತು ಬೇರೆ, ಹೆಚ್ಚಾಗುವ ತಿಂಗಳು ಬೇರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿಟಕಿ ಮುಚ್ಚಿ, ಲಿಕ್ವಿಡ್ ಯಂತ್ರ ಹಾಕಿ, ರಾತ್ರಿ ಪರದೆಯೊಳಗೆ ಮಲಗುವ ಶಿಸ್ತಿನ ಮನೆಯಲ್ಲೂ ಡೆಂಗಿ ಬರುವುದುಂಟು. ಏಕೆಂದರೆ ಡೆಂಗಿಯ ಸೊಳ್ಳೆ ಬೆಳಿಗ್ಗೆ ಮಕ್ಕಳು ಶಾಲೆಗೆ ಸಿದ್ಧರಾಗುತ್ತಿರುವಾಗಲೇ ಕಚ್ಚಿ ಹೋಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಶತ್ರುವನ್ನು ಗುರುತಿಸುವುದರಿಂದ ಆರಂಭವಾಗುತ್ತದೆ.

ಹಂತ 1: ಯಾವ ಸೊಳ್ಳೆ ಎಂದು ಗುರುತಿಸಿ

ಮಂಗಳೂರಿನಂತಹ ನಗರದಲ್ಲಿ ಮಲೇರಿಯಾ ಹರಡುವುದು ಮುಖ್ಯವಾಗಿ ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆ. ಇದಕ್ಕೆ ಬೇಕಾದುದು ಕೊಳಚೆಯಲ್ಲ, ತಿಳಿನೀರು. ತಾರಸಿಯ ಟ್ಯಾಂಕ್, ತೆರೆದ ಬಾವಿ, ಸಂಪು, ಹೊಸ ಕಟ್ಟಡದ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟು ಗಟ್ಟಿಯಾಗಲೆಂದು, ನಿಲ್ಲಿಸಿದ ನೀರು ಇದರ ತವರು. ಮುಸ್ಸಂಜೆಯ ನಂತರ ಕಚ್ಚಲು ತೊಡಗಿ ರಾತ್ರಿಯಲ್ಲೂ ಮುಂದುವರಿಸುತ್ತದೆ. ಗೋಡೆಯ ಮೇಲೆ ಕುಳಿತಾಗ ತಲೆ ತಗ್ಗಿಸಿ ಹಿಂಭಾಗವನ್ನು ಓರೆಯಾಗಿ ಮೇಲಕ್ಕೆತ್ತಿರುವುದು ಇದರ ಗುರುತು.

ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವುದು ಈಡಿಸ್. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟೆ, ಬರಿಗಣ್ಣಿಗೇ ಕಾಣುತ್ತದೆ. ಬೆಳಕು ಹರಿದ ಮೇಲಿನ ಎರಡು ಮೂರು ತಾಸು ಮತ್ತು ಸಂಜೆ ಕತ್ತಲಾಗುವ ಮುನ್ನ ಅದರ ಹಸಿವು ಹೆಚ್ಚು. ಮೇಜಿನ ಕೆಳಗೆ, ಪರದೆ ಬಟ್ಟೆಯ ಹಿಂದೆ, ಬಟ್ಟೆ ನೇತುಹಾಕಿದ ಮೂಲೆಯಲ್ಲಿ ಅಡಗಿದ್ದು ಕಾಲಿನ ಮಣಿಕಟ್ಟಿಗೆ ಸದ್ದಿಲ್ಲದೆ ಎರಗುತ್ತದೆ. ಒಬ್ಬರಲ್ಲಿ ಹೊಟ್ಟೆ ತುಂಬುವ ಮೊದಲೇ ಕದಲಿ ಇನ್ನೊಬ್ಬರನ್ನು ಕಚ್ಚುವ ಅಭ್ಯಾಸ ಇದಕ್ಕಿರುವುದರಿಂದ ಒಂದೇ ಮನೆಯ ಹಲವರಿಗೆ ಒಟ್ಟಿಗೆ ಜ್ವರ ಬರುವುದುಂಟು. ಇದು ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿನೊಳಗೇ ಇದರ ಬದುಕು ಮುಗಿಯುತ್ತದೆ. ಮನೆಯೊಳಗೆ ಹಗಲಿನಲ್ಲಿ ಪಟ್ಟೆಯ ಸೊಳ್ಳೆ ಕಂಡರೆ ಅದು ಹುಟ್ಟಿದ್ದು ನಿಮ್ಮ ಅಂಗಳದಲ್ಲಿ, ಇಲ್ಲವೇ ಆಚೀಚೆ ಮನೆಯಲ್ಲಿ ಎಂದೇ ತಿಳಿದು ಹುಡುಕಬೇಕು.

ಮೂರನೆಯದು ಕ್ಯೂಲೆಕ್ಸ್. ಕಂದು ಬಣ್ಣದ, ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ, ಚರಂಡಿ ಮತ್ತು ಶೌಚದ ಗುಂಡಿಯ ಸೊಳ್ಳೆ. ಆನೆಕಾಲು ರೋಗಕ್ಕೆ ಕಾರಣವಾಗುವ ಹುಳುವನ್ನು ಹರಡುವುದು ಇದೇ. ಜನ ಹೆಚ್ಚು ದೂರುವುದು ಇದರ ಬಗ್ಗೆ. ಆದರೆ ಸದ್ದು ಮಾಡದ ಮೊದಲ ಎರಡು ಸೊಳ್ಳೆಗಳೇ ಇಲ್ಲಿ ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯಬಾರದು.

ಹಂತ 2: ಊರಿನ ಪಂಚಾಂಗಕ್ಕೆ ತಕ್ಕಂತೆ ಸಿದ್ಧರಾಗಿ

ಕರಾವಳಿಯಲ್ಲಿ ಮಳೆಯ ಲೆಕ್ಕ ಹೇಳಲು ತುಳು ತಿಂಗಳುಗಳೇ ಅನುಕೂಲ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜನ ಸೌದೆ ಒಳಗಿಡುತ್ತಾರೆ, ಮಾಡಿನ ಹಂಚು ಸರಿಪಡಿಸುತ್ತಾರೆ. ಸೊಳ್ಳೆಯ ವಿಚಾರದಲ್ಲಿಯೂ ವರ್ಷದ ಅತಿ ಮುಖ್ಯ ಕೆಲಸ ನಡೆಯಬೇಕಾದುದು ಆ ದಿನಗಳಲ್ಲೇ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗೆ ತಾಗಿದ ಪಾತ್ರೆಯ ಒದ್ದೆ ಗೋಡೆಯ ಮೇಲೆ. ನೀರು ಆರಿಹೋದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತವೆ. ಮೇ ತಿಂಗಳ ಮೊದಲ ಅಡ್ಡಮಳೆಗೆ ಆ ಪಾತ್ರೆ ತುಂಬಿತೆಂದರೆ ಹಿಂದಿನ ವರ್ಷದ ಮೊಟ್ಟೆಯೇ ಒಡೆದು, ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಹೀಗಾಗಿ ಮಳೆಗೆ ಮುನ್ನ ಹಿತ್ತಿಲು ಖಾಲಿ ಮಾಡಿದ ಮನೆಗೂ, ಜುಲೈಯಲ್ಲಿ ಜ್ವರ ಬಂದ ಮೇಲೆ ಎಚ್ಚೆತ್ತ ಮನೆಗೂ ಬಹಳ ವ್ಯತ್ಯಾಸವಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೇರಿಯಾ ಮತ್ತು ಡೆಂಗಿ ಎರಡೂ ಏರುವ ಕಾಲ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆಟಿಯ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಜಡಿಮಳೆ ಎಡೆಬಿಡದೆ ಸುರಿಯುತ್ತಿರುವಾಗ ಸಣ್ಣ ಪಾತ್ರೆಗಳು ಉಕ್ಕಿ ಹರಿದು ಮರಿಗಳೂ ಕೊಚ್ಚಿಹೋಗುತ್ತವೆ. ಮಳೆ ನಾಲ್ಕು ದಿನ ಬಿಟ್ಟು ಬಿಸಿಲು ಬಿದ್ದಾಗ, ಅಂದರೆ ಮಳೆಯ ಬಿಡುವಿನಲ್ಲಿ ಮತ್ತು ಆಟಿಯ ನಂತರ ಬರುವ ಬಿಸಿಲು-ಮಳೆಯ ಸೋಣ ತಿಂಗಳಲ್ಲಿ, ನಿಂತ ನೀರಿನಲ್ಲಿ ಸಂತತಿ ಹೆಚ್ಚುತ್ತದೆ. ಮಳೆ ನಿಂತಿತೆಂದು ನಿರಾಳವಾಗುವ ವಾರವೇ ಅಂಗಳ ಸುತ್ತಬೇಕಾದ ವಾರ.

ಮಳೆಗಾಲದ ಅಪಾಯಕ್ಕೆ ನೀರಷ್ಟೇ ಕಾರಣವಲ್ಲ. ಸೊಳ್ಳೆಯ ಹೊಟ್ಟೆ ಸೇರಿದ ಮಲೇರಿಯಾ ರೋಗಾಣು ಇನ್ನೊಬ್ಬರಿಗೆ ದಾಟುವಷ್ಟು ಬಲಿಯಲು ಇಲ್ಲಿಯ ಸೆಕೆಯಲ್ಲಿ ಸುಮಾರು ಎಂಟರಿಂದ ಹನ್ನೆರಡು ದಿನ ಬೇಕು. ಒಣಹವೆಯಲ್ಲಿ ಬಹಳಷ್ಟು ಸೊಳ್ಳೆಗಳು ಅಷ್ಟು ದಿನ ಬದುಕುವುದಿಲ್ಲ. ತೇವ ತುಂಬಿದ ಗಾಳಿಯಲ್ಲಿ ಬದುಕುತ್ತವೆ.

ಅಕ್ಟೋಬರ್ ನಂತರ ಕಟ್ಟಡ ಕೆಲಸಗಳು ವೇಗ ಪಡೆಯುತ್ತವೆ, ಅಲ್ಲಿ ನಿಲ್ಲಿಸುವ ನೀರು ಅನಾಫಿಲಿಸ್‌ಗೆ ಆಸರೆಯಾಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಾಜಕಾಲುವೆಗಳ ಹರಿವು ನಿಂತು ಕ್ಯೂಲೆಕ್ಸ್ ಹೆಚ್ಚುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೀರು ತಗ್ಗಿ ನಳ್ಳಿ ನೀರು ದಿನ ಬಿಟ್ಟು ದಿನ ಬರುವಂತಾದರೆ ಮನೆಮನೆಯಲ್ಲೂ ಡ್ರಮ್ಮು, ಕೊಡಪಾನ, ಹಂಡೆಗಳಲ್ಲಿ ನೀರು ತುಂಬಿಡುವುದು ಅನಿವಾರ್ಯವಾಗುತ್ತದೆ. ಕಡುಬೇಸಿಗೆಯಲ್ಲೂ ಡೆಂಗಿ ಕಾಣಿಸಿಕೊಳ್ಳಲು ಇದು ದಾರಿ ಮಾಡಿಕೊಡುತ್ತದೆ.

ಹಂತ 3: ವಾರಕ್ಕೊಮ್ಮೆ ನೀರಿನ ಸುತ್ತು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಏಳು ದಿನವಾದರೂ ಬೇಕಾಗುವುದರಿಂದ, ವಾರದಲ್ಲಿ ಒಂದು ನಿಗದಿತ ದಿನ ಮನೆಯ ಸುತ್ತಲಿನ ಎಲ್ಲ ನೀರನ್ನು ನೋಡಿ ಬರಿದು ಮಾಡಿದರೆ ಯಾವ ಮರಿಯೂ ಹಾರುವ ಹಂತ ತಲುಪುವುದಿಲ್ಲ. ಆರೋಗ್ಯ ಇಲಾಖೆಯವರು ಇದನ್ನೇ ಡ್ರೈ ಡೇ ಎನ್ನುತ್ತಾರೆ. 1880ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು, ಅದನ್ನು ಬರಿದು ಮಾಡಿಸಿದಾಗ ಕಾಟ ಇಳಿದುದನ್ನು ಗಮನಿಸಿದ್ದರು; ಅನಾಫಿಲಿಸ್ ಸೊಳ್ಳೆಯೊಳಗೆ ಮಲೇರಿಯಾ ರೋಗಾಣುವನ್ನು ಅವರೇ ಸಿಕಂದರಾಬಾದಿನಲ್ಲಿ ಕಂಡದ್ದು ಬಹಳ ನಂತರ, 1897ರ ಆಗಸ್ಟ್ 20ರಂದು. ತೊಟ್ಟಿ ಬರಿದು ಮಾಡುವ ಉಪಾಯ ಇಂದಿಗೂ ಹಳತಾಗಿಲ್ಲ.

ಸುತ್ತು ಹೊರಡುವಾಗ ಒಂದು ಟಾರ್ಚ್, ಒಂದು ಬಿಳಿ ಬಟ್ಟಲು ಮತ್ತು ಗಟ್ಟಿ ಬ್ರಷ್ ಕೈಯಲ್ಲಿರಲಿ. ನೀರಿನ ಮೇಲೆ ನಿಮ್ಮ ನೆರಳು ಬಿದ್ದ ಕೂಡಲೇ ಮರಿಗಳು ತಳಕ್ಕೆ ಇಳಿಯುತ್ತವೆ, ಆದ್ದರಿಂದ ಇಣುಕಿ ನೋಡಿ ಏನೂ ಇಲ್ಲವೆಂದು ಹಿಂತಿರುಗಬೇಡಿ. ಎರಡು ಮೂರು ನಿಮಿಷ ಅಲುಗಾಡದೆ ನಿಂತರೆ ಉಸಿರಾಡಲು ಅವು ಒಂದೊಂದಾಗಿ ಮೇಲೆ ಬರುತ್ತವೆ. ಆಗ ಬಟ್ಟಲನ್ನು ಓರೆಯಾಗಿ ಮುಳುಗಿಸಿ ನೀರೆತ್ತಿ ಬೆಳಕಿಗೆ ಹಿಡಿಯಿರಿ. ತುಂಡು ದಾರದ ಎಳೆಯಂತೆ ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗಿದ್ದರೆ ಅದು ಅನಾಫಿಲಿಸ್. ತಲೆ ಕೆಳಗಾಗಿ, ಬಾಲದ ತುದಿಯ ಸಣ್ಣ ಕೊಳವೆಯನ್ನು ಮೇಲ್ಮೈಗೆ ತಾಗಿಸಿ ಓರೆಯಾಗಿ ತೂಗುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಅಲ್ಪವಿರಾಮ ಚಿಹ್ನೆಯಂತೆ ಬಾಗಿ ಪಲ್ಟಿ ಹೊಡೆಯುವ ಕೋಶಗಳು ಕಂಡರೆ ಇನ್ನು ಒಂದೆರಡು ದಿನಗಳಲ್ಲಿ ಅವು ಹಾರಲಿವೆ ಎಂದರ್ಥ.

ಮೊದಲು ತಾರಸಿಗೆ ಹೋಗಿ. ಟ್ಯಾಂಕಿನ ಮುಚ್ಚಳ ಗಾಳಿಗೆ ಸರಿದಿರುವುದು, ಬಿರುಕು ಬಿಟ್ಟಿರುವುದು ಇಲ್ಲಿ ಸರ್ವೇಸಾಮಾನ್ಯ. ಮುಚ್ಚಳ ಬಿಗಿಯಾಗಿದ್ದರೂ ಓವರ್‌ಫ್ಲೋ ಪೈಪಿನ ಬಾಯಿ ತೆರೆದಿದ್ದರೆ ಸೊಳ್ಳೆ ಅದರ ಮೂಲಕವೇ ಒಳನುಗ್ಗುತ್ತದೆ; ಅದಕ್ಕೆ ನೈಲಾನ್ ಬಲೆ ಸುತ್ತಿ ಬಿಗಿದು ಕಟ್ಟಿ. ಸನ್‌ಶೇಡಿನ ಮೇಲೆ, ಎಲೆ ಕಟ್ಟಿಕೊಂಡ ದಂಬೆಯಲ್ಲಿ (ಮಾಡಿನ ಮಳೆನೀರು ಹರಿಯುವ ಕಾಲುವೆ), ಮಳೆಗೆಂದು ಹೊದಿಸಿದ ಟರ್ಪಾಲಿನ ಮಡಿಕೆಗಳಲ್ಲಿ ನಿಂತ ನೀರನ್ನು ಗುಡಿಸಿ ಹಾಕಿ. ಹಿತ್ತಿಲಿನಲ್ಲಿ ತೆಂಗಿನ ಗೆರಟೆ, ಕುಡಿದು ಎಸೆದ ಎಳನೀರಿನ ಬೊಂಡ, ಬಿದ್ದ ಅಡಿಕೆ ಹಾಳೆ, ಹಳೆ ಟಯರು, ಪೇಂಟಿನ ಡಬ್ಬ, ಮೊಸರಿನ ಕಪ್ಪುಗಳಿರುತ್ತವೆ. ಒಂದು ಬೊಂಡದೊಳಗಿನ ಹಿಡಿಯಷ್ಟು ನೀರು ನೂರಾರು ಸೊಳ್ಳೆಗೆ ಸಾಕು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ತೋಟದವರಿಗೆ ಹಾಳೆ ಮತ್ತು ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳೇ ದೊಡ್ಡ ತಲೆನೋವು. ಟ್ಯಾಪಿಂಗ್ ನಿಲ್ಲಿಸಿದ ದಿನವೇ ಚಿಪ್ಪುಗಳನ್ನು ಬೋರಲು ಹಾಕಬೇಕು.

ಒಳಗೆ ಬಂದು ಫ್ರಿಜ್ಜಿನ ಹಿಂಬದಿಯ ತಟ್ಟೆ, ಹೂಕುಂಡದ ಅಡಿತಟ್ಟೆ, ನೀರಿನಲ್ಲಿಟ್ಟ ಮನಿಪ್ಲಾಂಟ್, ಬಳಸದ ಬಚ್ಚಲಿನ ಬಕೆಟ್ ನೋಡಿ. ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಇಲ್ಲವಾದರೆ ಅಂಟಿಕೊಂಡ ಈಡಿಸ್ ಮೊಟ್ಟೆಗಳು ಮತ್ತೆ ನೀರು ತುಂಬಿದ ಕೂಡಲೇ ಒಡೆಯುತ್ತವೆ. ನೀರನ್ನು ಚರಂಡಿಗಲ್ಲ, ಒಣನೆಲಕ್ಕೆ ಚೆಲ್ಲಿ.

ಬರಿದು ಮಾಡಲಾಗದ ನೀರಿಗೆ ಬೇರೆ ಉಪಾಯ ಬೇಕು. ತೆರೆದ ಬಾವಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸಿ, ಒಳಗೆ ಗಪ್ಪಿ ಮೀನು ಬಿಡಬಹುದು. ಅವು ಮರಿಗಳನ್ನು ತಿಂದು ತಾವೂ ಬೆಳೆಯುತ್ತವೆ. ಆದರೆ ಗಪ್ಪಿಯನ್ನು ಹೊಳೆ, ತೋಡು, ಕೆರೆಗೆ ಬಿಡಬಾರದು, ನಮ್ಮ ನೀರಿನ ಮೂಲ ಮೀನುಗಳಿಗೆ ಅದರಿಂದ ಕೇಡು. ಕುಡಿಯುವ ನೀರಿನ ಟ್ಯಾಂಕಿಗೆ ಮರಿಗಳನ್ನು ಕೊಲ್ಲುವ ಟೆಮಿಫಾಸ್ ಔಷಧ ಹಾಕುವುದಿದ್ದರೆ ಆರೋಗ್ಯ ಕಾರ್ಯಕರ್ತರೇ ಅಳತೆ ಮಾಡಿ ಹಾಕಲಿ. ಕುಡಿಯುವ ನೀರಿಗೆ ಸೀಮೆಎಣ್ಣೆ, ಬಳಸಿದ ಎಂಜಿನ್ ಆಯಿಲ್ ಖಂಡಿತ ಬೇಡ. ಶೌಚದ ಗುಂಡಿಯ ಗಾಳಿಕೊಳವೆಯ ತುದಿಗೂ ಬಲೆ ಕಟ್ಟಿ.

ಈ ಊರಿಗೆ ವಿಶೇಷವಾದ ಇನ್ನೊಂದು ಸಮಸ್ಯೆ ಬೀಗ ಹಾಕಿದ ಮನೆಗಳದು. ಮಾಲೀಕರು ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾರೆ, ಇಲ್ಲಿ ಕಮೋಡಿನ ನೀರು, ಫ್ಲಶ್ ಟ್ಯಾಂಕು, ತಾರಸಿ ಎಲ್ಲವೂ ಸೊಳ್ಳೆಗೆ ಬಿಟ್ಟಂತಾಗಿರುತ್ತದೆ. ಮನೆ ಮುಚ್ಚಿ ಹೋಗುವ ಮುನ್ನ ಟ್ಯಾಂಕು, ಫ್ಲಶ್ ಖಾಲಿ ಮಾಡಿ, ಕಮೋಡಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪ್ ಹಚ್ಚಿ, ಅಂಗಳದ ಕೀಲಿಯನ್ನು ನೆರೆಯವರಲ್ಲಿ ಕೊಟ್ಟು ಹೋಗುವುದು ಊರಿಗೆ ಮಾಡುವ ಉಪಕಾರ. ಮೀನುಗಾರಿಕೆಗೆ ರಜೆಯಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ದಡಕ್ಕೆಳೆದ ದೋಣಿಗಳಿಗೂ, ಅವುಗಳ ಬದಿಗೆ ಕಟ್ಟಿದ ಟಯರುಗಳಿಗೂ ಇದೇ ಮಾತು ಅನ್ವಯಿಸುತ್ತದೆ; ಟಯರಿನ ತಳಭಾಗಕ್ಕೆ ತೂತು ಕೊರೆದರೆ ನೀರು ನಿಲ್ಲುವುದಿಲ್ಲ.

ಹಂತ 4: ಮನೆಗೆ ಜಾಲರಿ, ಮಂಚಕ್ಕೆ ಪರದೆ

ಕಿಟಕಿಗೆ ಜಾಲರಿ ಹಾಕಿಸುವಾಗ ಅಗ್ಗದ ಕಬ್ಬಿಣದ ಬಲೆಯನ್ನು ಆರಿಸಬೇಡಿ, ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿದು ತೂತಾಗುತ್ತದೆ. ಫೈಬರ್‌ಗ್ಲಾಸ್ ಅಥವಾ ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಾಳುತ್ತದೆ. ಅಂಟಿಸುವ ವೆಲ್ಕ್ರೋ ಜಾಲರಿ ಮಳೆಗಾಲದ ತೇವಕ್ಕೆ ಬಿಟ್ಟುಕೊಳ್ಳುವುದರಿಂದ ಚೌಕಟ್ಟಿಗೆ ತಿರುಪು ಬಿಗಿದದ್ದೇ ಮೇಲು. ಬಚ್ಚಲಿನ ಗಾಜುಪಟ್ಟಿ ಕಿಟಕಿ, ಎಕ್ಸಾಸ್ಟ್ ಫ್ಯಾನಿನ ತೂತು, ಹಿಂಬಾಗಿಲಿನ ಅಡಿಸಂದು ಇವನ್ನು ಜನ ಮರೆಯುತ್ತಾರೆ, ಸೊಳ್ಳೆ ಮರೆಯುವುದಿಲ್ಲ. ಹಂಚಿನ ಮನೆಯಲ್ಲಿ ಮಾಡಿನ ಸಂದುಗಳನ್ನೆಲ್ಲ ಮುಚ್ಚಲಾಗದು. ಅಂಥ ಮನೆಗೆ ಸೊಳ್ಳೆಪರದೆಯೇ ಗತಿ.

ಪರದೆಯಲ್ಲಿ ಚದರ ಇಂಚಿಗೆ ಕನಿಷ್ಠ 156 ಕಣ್ಣುಗಳಿರಬೇಕು. ಕೀಟನಾಶಕ ಸೇರಿಸಿ ನೇಯ್ದ ಪರದೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಏಕೆಂದರೆ ಮೈ ಪರದೆಗೆ ತಾಗಿ ಮಲಗಿದಾಗ ಸಾಧಾರಣ ಪರದೆಯ ಹೊರಗಿನಿಂದಲೇ ಸೊಳ್ಳೆ ಕಚ್ಚಬಲ್ಲದು. ಅದನ್ನು ತಣ್ಣೀರಿನಲ್ಲಿ ಸಾದಾ ಸೋಪಿನಿಂದ ತೊಳೆದು ನೆರಳಲ್ಲಿ ಒಣಗಿಸಬೇಕು. ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸುವ ಕೆಲಸ ಕತ್ತಲಾಗುವ ಮೊದಲೇ ಆಗಲಿ. ಮನೆಯಲ್ಲಿ ಶಿಶುವಿದ್ದರೆ, ಹಗಲು ಮಲಗುವ ಹಿರಿಯರಿದ್ದರೆ, ಬೆಳಗಿನ ನಿದ್ದೆಗೂ ಪರದೆ ಬೇಕು. ಈಡಿಸ್‌ನ ಹೊತ್ತು ಅದು. ಫ್ಯಾನನ್ನೂ ಕಡೆಗಣಿಸಬೇಡಿ. ಸೊಳ್ಳೆ ಬಲವಾದ ಗಾಳಿಗೆ ಎದುರು ಹಾರಲಾರದು, ನಮ್ಮ ಉಸಿರಿನ ಜಾಡೂ ಗಾಳಿಗೆ ಚದರುತ್ತದೆ. ಊಟದ ಮೇಜಿನಡಿಗೆ, ಕಾಲಿನ ಮಟ್ಟಕ್ಕೆ ಒಂದು ಟೇಬಲ್ ಫ್ಯಾನ್ ತಿರುಗಿಸಿಟ್ಟರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಹಂತ 5: ಮೈಗೆ ರಕ್ಷಣೆ

ತಿಳಿಬಣ್ಣದ, ಸಡಿಲವಾದ, ಪೂರ್ತಿ ತೋಳಿನ ಬಟ್ಟೆ ಮೊದಲ ರಕ್ಷಣೆ. ಉಳಿದ ಬರಿಮೈಗೆ ಲೇಪನ. ಖರೀದಿಸುವಾಗ ಹೆಸರಿಗಿಂತ ಹಿಂಬದಿಯಲ್ಲಿ ಬರೆದ ಅಂಶವನ್ನು ಓದಿ. ಡೀಟ್, ಪಿಕಾರಿಡಿನ್, ಐಆರ್3535 ಮತ್ತು ನೀಲಗಿರಿ ಜಾತಿಯ ಒಂದು ಮರದಿಂದ ಬರುವ ಪಿಎಂಡಿ ಇವು ಪರೀಕ್ಷೆಯಲ್ಲಿ ನಿಂತ ಅಂಶಗಳು. ಶೇ 20ರಿಂದ 30ರಷ್ಟು ಡೀಟ್ ಇರುವ ಲೇಪನ ನಾಲ್ಕೈದು ಗಂಟೆ ಕಾಯುತ್ತದೆ, ಆದರೆ ಕರಾವಳಿಯ ಬೆವರಿಗೆ ಅದಕ್ಕೂ ಬೇಗ ತೊಳೆದುಹೋಗುವುದರಿಂದ ಮತ್ತೆ ಹಚ್ಚಿಕೊಳ್ಳಲು ಹಿಂಜರಿಯಬೇಡಿ. ಎರಡು ತಿಂಗಳೊಳಗಿನ ಶಿಶುವಿಗೆ ಯಾವ ಲೇಪನವೂ ಬೇಡ, ಪರದೆ ಮಾತ್ರ. ಪಿಎಂಡಿ ಮೂರು ವರ್ಷದೊಳಗಿನವರಿಗೆ ಬೇಡ. ಮಗುವಿನ ಅಂಗೈಗೆ, ಕಣ್ಣು-ಬಾಯಿಯ ಸುತ್ತ, ಗಾಯದ ಮೇಲೆ, ಬಟ್ಟೆಯಡಿಯ ಚರ್ಮಕ್ಕೆ ಹಚ್ಚಬಾರದು. ಸನ್‌ಸ್ಕ್ರೀನ್ ಇದ್ದರೆ ಅದು ಮೊದಲು, ಸೊಳ್ಳೆಯ ಲೇಪನ ಆಮೇಲೆ. ಶಾಲೆಗೆ ಹೋಗುವ ಮಕ್ಕಳಿಗೆ ಬೆಳಿಗ್ಗೆ ಸಮವಸ್ತ್ರದ ಹೊರಗಿನ ಕೈಕಾಲಿಗೆ ಹಚ್ಚುವುದು ಮಳೆಗಾಲದಲ್ಲಿ ಹಲ್ಲುಜ್ಜಿದಷ್ಟೇ ವಾಡಿಕೆಯಾಗಬೇಕು.

ಗೋಡೆಗೆ ಸಿಕ್ಕಿಸುವ ಲಿಕ್ವಿಡ್ ಯಂತ್ರವನ್ನು ಮಲಗುವ ಅರ್ಧ ಗಂಟೆ ಮುಂಚೆ ಹಾಕಿ, ಶಿಶುವಿನ ತೊಟ್ಟಿಲ ಪಕ್ಕದಲ್ಲಿ ಬೇಡ. ಕಾಯಿಲ್ ಬಗ್ಗೆ ಮಾತ್ರ ಕಟುವಾಗಿಯೇ ಹೇಳಬೇಕಾಗಿದೆ. ಒಂದು ಕಾಯಿಲ್ ಉರಿದಾಗ ಹೊರಬರುವ ಸೂಕ್ಷ್ಮ ಹೊಗೆಕಣ 75ರಿಂದ 137 ಸಿಗರೇಟುಗಳದಕ್ಕೆ ಸಮ ಎಂದು ಅಳೆದು ತಿಳಿಸಲಾಗಿದೆ. ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮಕ್ಕಳು ಮಲಗಿರುವಲ್ಲಿ ಅದನ್ನು ಹಚ್ಚಲೇಬಾರದು. ತೆರೆದ ಜಗಲಿಗಷ್ಟೇ ಅದು ಸೀಮಿತವಾಗಲಿ. ಬೇವಿನ ಹೊಗೆ, ಧೂಪಕ್ಕೂ ಇದೇ ಎಚ್ಚರಿಕೆ. ಶ್ರವಣಾತೀತ ಸದ್ದಿನ ಯಂತ್ರಗಳು, ಮೊಬೈಲ್ ಆ್ಯಪ್‌ಗಳು, ನಿಂಬೆಗೆ ಚುಚ್ಚಿದ ಲವಂಗ, ವಿಟಮಿನ್ ಮಾತ್ರೆ ಇವುಗಳನ್ನು ನಂಬಿ ಉಳಿದ ಕ್ರಮಗಳನ್ನು ಬಿಡಬೇಡಿ. ಫಾಗಿಂಗ್ ಆ ಕ್ಷಣ ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆಯೇ ಹೊರತು ನೀರಿನಲ್ಲಿರುವ ಮರಿಗಳನ್ನಲ್ಲ. ಬೀದಿಯಲ್ಲಿ ಹೊಗೆ ಬಿಟ್ಟರೆ ಕಪಾಟಿನ ಹಿಂದೆ ಕುಳಿತ ಈಡಿಸ್‌ಗೆ ಅದು ತಾಗುವುದೂ ಇಲ್ಲ.

ಹಂತ 6: ಅಪಾರ್ಟ್‌ಮೆಂಟ್ ಮತ್ತು ಕಟ್ಟಡದ ಕೆಲಸ

ಫ್ಲ್ಯಾಟಿನಲ್ಲಿರುವವರು ತಮ್ಮ ಬಾಲ್ಕನಿ ಮಾತ್ರ ನೋಡಿದರೆ ಸಾಲದು. ಲಿಫ್ಟಿನ ಗುಂಡಿ, ನೆಲಮಾಳಿಗೆಯ ಮೂಲೆ, ಬೆಂಕಿ ನಂದಿಸುವ ನೀರಿನ ಸಂಪು, ಬಳಸದ ಈಜುಕೊಳ ಇವುಗಳನ್ನು ವಾರಕ್ಕೊಮ್ಮೆ ನೋಡುವ ಹೊಣೆಯನ್ನು ಸಂಘವು ಒಬ್ಬರಿಗೆ ಹೆಸರಿಟ್ಟು ವಹಿಸಬೇಕು.

ಮಂಗಳೂರಿನ ಮಲೇರಿಯಾ ಕಥೆಯಲ್ಲಿ ಕಟ್ಟಡಗಳ ಪಾಲು ದೊಡ್ಡದು. ಕ್ಯೂರಿಂಗ್ ನೀರನ್ನು ವಾರಕ್ಕೊಮ್ಮೆ ಪೂರ್ತಿ ಹರಿಯಬಿಟ್ಟು ಸ್ಲ್ಯಾಬ್ ಮೇಲ್ಮೈ ಗುಡಿಸಿ ಮತ್ತೆ ನೀರು ಹಾಕುವುದು, ಇಲ್ಲವೇ ಒದ್ದೆ ಗೋಣಿತಾಟು ಹೊದಿಸುವುದು ಕಷ್ಟದ ಕೆಲಸವಲ್ಲ. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಕಾರ್ಮಿಕರು ಅದೇ ಕಟ್ಟಡದ ಗೋಡೆಯಿಲ್ಲದ ಮಹಡಿಯಲ್ಲಿ ಪರದೆಯಿಲ್ಲದೆ ಮಲಗುತ್ತಾರೆ; ಮೊದಲು ಕಡಿತ ತಿನ್ನುವವರು ಅವರು. ಅವರಿಗೆ ಪರದೆ ಒದಗಿಸುವುದು, ಜ್ವರ ಬಂದ ದಿನವೇ ರಕ್ತಪರೀಕ್ಷೆಗೆ ಕಳುಹಿಸಿ ಕೂಲಿ ಕಡಿಯದಿರುವುದು ಗುತ್ತಿಗೆದಾರರ ಕರ್ತವ್ಯ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ನಿಗದಿಪಡಿಸಿತು: ನಗರದ ಮನೆಗೆ 400 ರೂಪಾಯಿ, ನಿರ್ಮಾಣ ಸ್ಥಳಕ್ಕೆ 2,000 ರೂಪಾಯಿ. ಕಟ್ಟಡದ ಒಟ್ಟು ಖರ್ಚಿನ ಮುಂದೆ ಆ ಮೊತ್ತ ಏನೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 7: ಜ್ವರ ಬಂದರೆ

ಮಳೆಗಾಲದಲ್ಲಿ ಜ್ವರ ಬಂದ ಮೊದಲ ದಿನವೇ ಮಲೇರಿಯಾ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ನಗರದಲ್ಲಿ 2015ರಿಂದ ಪ್ರತಿ ರೋಗಿಯ ಮಾಹಿತಿಯನ್ನು ಟ್ಯಾಬ್‌ಗಳಲ್ಲಿ ದಾಖಲಿಸಿ, ಕೂಡಲೇ ಆ ಮನೆಯ ಸುತ್ತ ಕಾರ್ಯಕರ್ತರನ್ನು ಕಳುಹಿಸುವ ವ್ಯವಸ್ಥೆ ಬಂದ ನಂತರದ ವರ್ಷಗಳಲ್ಲಿ ಮಲೇರಿಯಾ ಬಹಳಷ್ಟು ಇಳಿಯಿತು. ಹೆಸರು, ವಿಳಾಸ ಸರಿಯಾಗಿ ಕೊಡುವುದೂ ರೋಗ ತಡೆಯ ಭಾಗವೇ. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮರುಕಳಿಸಬಲ್ಲದು. ವೈದ್ಯರು ಬರೆದುಕೊಡುವ 14 ದಿನಗಳ ಪ್ರೈಮಾಕ್ವಿನ್ ಮಾತ್ರೆಯನ್ನು ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು. ಗರ್ಭಿಣಿಯರಿಗೆ ಮತ್ತು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಬೇರೆ ಕ್ರಮವಿರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು.

ಡೆಂಗಿಯ ಶಂಕೆಯಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಪ್ಯಾರಾಸಿಟಮಾಲ್ ಮತ್ತು ಸಾಕಷ್ಟು ದ್ರವಾಹಾರ ಸಾಕು. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವಾಗಲೇ ಅಪಾಯ ಹೆಚ್ಚು. ಆಗ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಚಡಪಡಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರೋಗಿಯನ್ನು ಹಗಲೂ ರಾತ್ರಿಯೂ ಪರದೆಯೊಳಗೆ ಮಲಗಿಸಿ. ಜ್ವರವಿರುವಾಗ ಅವರನ್ನು ಕಚ್ಚಿದ ಸೊಳ್ಳೆ ಮನೆಯ ಉಳಿದವರಿಗೆ ರೋಗ ದಾಟಿಸುತ್ತದೆ.

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳು ಅಲ್ಲಿಯ ಶಾಲೆಗಳಿಗೆ ರಜೆ ಸಿಗುವ ಜುಲೈ-ಆಗಸ್ಟ್‌ನಲ್ಲೇ ಊರಿಗೆ ಬರುತ್ತಾರೆ, ಅಂದರೆ ಇಲ್ಲಿ ಸೊಳ್ಳೆಯ ರೋಗಗಳು ಏರಿದ ವೇಳೆಗೆ. ಬರುವ ವಾರಕ್ಕೆ ಮುನ್ನ ಯಾರಿಂದಾದರೂ ಮನೆಯ ನೀರಿನ ಸುತ್ತು ಮಾಡಿಸಿ, ಮಕ್ಕಳಿಗೆ ಮೊದಲ ದಿನದಿಂದಲೇ ಲೇಪನ ಮತ್ತು ಪರದೆ ಬಳಸಿ. ಹಿಂತಿರುಗಿದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಡೆಂಗಿಯನ್ನೂ, ಕೆಲವು ತಿಂಗಳುಗಳ ನಂತರ ಬಂದರೂ ಮಲೇರಿಯಾವನ್ನೂ ವೈದ್ಯರು ನೆನೆಯುವಂತೆ, ಮಳೆಗಾಲದಲ್ಲಿ ಮಂಗಳೂರಿನಲ್ಲಿದ್ದ ಸಂಗತಿಯನ್ನು ಅವರು ಕೇಳುವ ಮೊದಲೇ ಹೇಳಿ.